ನಲ್ಲಿ ನಿಲ್ಲುವವರೆಗೆ

ಮನೆಯಿಂದ,
ಹದಿನೇಳನೇ ತಾರೀಖು, ಶುಕ್ರವಾರ

ಪ್ರೀತಿಯ ಅಕ್ಕಾ,

…"ನಿನಗೆ ಕೇಳೋದು ಬಿಟ್ರೆ ಏನ್ ಗೊತ್ತು" ಎಂದೋ ಏನೋ ಅಂದಿದ್ದೆಯಲ್ಲ, ವಿಶ್ರಾಂತಿಗೆಂದು ಬ್ಯಾಗು ಹಿಡಿದು ನಮ್ಮ ಮನೆಯ ಮೆಟ್ಟಿಲಿಳಿಯುವಾಗ. ಸರಿಯಾಗಿ ನೆನಪಿಲ್ಲ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ನಿದ್ದೆ ಬರುತ್ತಿದೆಯೆ? ನಲವತ್ತು ದಾಟಿದರೂ ಪುಟ್ಟನೇ ಆಗಿ ಉಳಿದ ನಮ್ಮ ತಮ್ಮನನ್ನು ಹದಿನೆಂಟು ವರ್ಷ ನೋಡಿಕೊಂಡವಳಿಗೆ, ಇನ್ನೂ ಸ್ವಲ್ಪ ದಿನ ಮಲಗಿರು ಎನ್ನುವಷ್ಟು ದೊಡ್ಡತನ ನನಗಿಲ್ಲ. ಫೋನ್ ಎತ್ತಬೇಡ, ಕಾಗದ ಓದಿದರೆ ಸಾಕು. ಐದು ದಿನದಿಂದ ಪುಟ್ಟ ನನ್ನ ಕೈಯಿಂದ ಮಾತ್ರೆ ತೆಗೆದುಕೊಂಡಿಲ್ಲ. ತಟ್ಟೆಯ ಪಕ್ಕ ಇಟ್ಟರೆ ತಟ್ಟೆಯನ್ನೇ ಸರಿಸುತ್ತಾನೆ.

ಆಫೀಸಿನಲ್ಲಿ ನನ್ನ ಕೆಲಸ ಏನು ಗೊತ್ತೆ? ಮನೋರೋಗಿಗಳನ್ನು ನೋಡಿಕೊಳ್ಳುವ ಮನೆಯವರಿಗಾಗಿ ಇರುವ ವೆಬ್‌ಸೈಟನ್ನು ಹೊಸದಾಗಿ ಕಟ್ಟುವುದು. ಅದಕ್ಕೂ ಮೊದಲು, ಏನು ಬೇಕೆಂದು ಅವರನ್ನೇ ಕೇಳುವುದು. ಎಂಟು ಜನರನ್ನು ಕರೆಸಿ, ಒಬ್ಬೊಬ್ಬರೊಡನೆ ಒಂದು ಗಂಟೆ ಕೂತು, ಹೇಳಿದ್ದನ್ನೆಲ್ಲ ಹಳದಿ ಚೀಟಿಗಳಲ್ಲಿ ಬರೆದು ಗೋಡೆ ತುಂಬ ಅಂಟಿಸಿದೆವು. ಎಂಥ ಮಾತುಗಾರರು! ಕೊನೆಗೆ ಬಂದ ಟೈಲರಮ್ಮನನ್ನು, ಈಗ ಯಜಮಾನರ ಹತ್ತಿರ ಯಾರಿದ್ದಾರೆ ಎಂದು ಸುಮ್ಮನೆ ಕೇಳಿದೆ. "ಅವರಿದ್ದಿದ್ರೆ ನಾನೆಲ್ಲಿ ಬರ್ತಿದ್ದೆ ಸಾರ್? ಒಂದು ಗಂಟೆ ಸಿಕ್ಕಿದ್ರೆ ನಿಮ್ಮ ಮುಖ ನೋಡ್ತಿದ್ನಾ, ಮಲಗಿಬಿಡ್ತಿದ್ದೆ" ಎಂದು ನಕ್ಕರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಉಳಿದ ಏಳು ಜನರನ್ನು ವಿಚಾರಿಸಿದೆ. ಒಬ್ಬರ ಮನೆಯಲ್ಲೂ ಈಗ ನೋಡಿಕೊಳ್ಳಬೇಕಾದ ರೋಗಿ ಇರಲಿಲ್ಲ. ಚೀಟಿಗಳನ್ನು ನಾನೇ ಕಿತ್ತೆ.

ಈಗ ಎಲ್ಲ ಫೋನಿನಲ್ಲಿ. ಒಬ್ಬ ತಾಯಿ, ಮಗ ಸ್ನಾನಕ್ಕೆ ಹೋದಾಗ ಮಾತ್ರ ಮಾತಾಡುತ್ತಾರೆ. ವೆಬ್‌ಸೈಟ್ ತೆರೆದರೆ ಮೊದಲು ಏನು ಕಾಣಬೇಕು ಎಂದು ನಿನ್ನೆ ಕೇಳಿದೆ. "ಮಾತ್ರೆ ಉಗುಳಿದ್ರೆ ಏನ್ ಮಾಡ್ಬೇಕು ಅಂತ… ತಡೀರಿ, ನಲ್ಲಿ ನಿಂತ್ಹೋಯ್ತು" ಎಂದು ಇಟ್ಟುಬಿಟ್ಟರು. ನೀನೂ ಹೀಗೇ ಮಾತಿನ ನಡುವೆ ಫೋನ್ ಇಡುತ್ತಿದ್ದೆ. ಅಕ್ಕನಿಗೆ ಕೊಬ್ಬು ಎಂದು ಇವಳ ಹತ್ತಿರ ಎಷ್ಟು ಸಲ ಹೇಳಿದ್ದೇನೋ. ಆ ತಾಯಿಯ ಪ್ರಶ್ನೆಗೆ ನಮ್ಮಲ್ಲಿ ಒಂದು ಪುಟವೇ ಇದೆ: ಶಾಂತವಾಗಿರಿ, ಒತ್ತಾಯಿಸಬೇಡಿ. ನಾನು ಶಾಂತವಾಗಿಯೇ ಇದ್ದೇನೆ, ಅಕ್ಕಾ.

ಮೈ ಕಡೆ ಜೋಪಾನ. ಇವಳೂ ನಿನ್ನನ್ನು ಕೇಳಿದ್ದಾಳೆ.

ನಿನ್ನ
ದೊಡ್ಡ ತಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಪುಟ್ಟ ಊಟಕ್ಕೆ ಬಂದ. ಬೇರೇನೂ ತೋಚದೆ, ಭಾನುವಾರ ಅಕ್ಕ ಬರ್ತಾಳೆ ಕಣೋ ಅಂದುಬಿಟ್ಟೆ. ನೀರನ್ನೂ ಕೇಳದೆ ಮಾತ್ರೆ ನುಂಗಿದ. ಆಗಿನಿಂದ ಬಾಗಿಲ ಬಳಿ ಕೂತು, ನಮ್ಮೆಲ್ಲರ ಚಪ್ಪಲಿ ಸರಿಸಿ ನಿನ್ನದಕ್ಕೆ ಜಾಗ ಮಾಡುತ್ತಿದ್ದಾನೆ. ಈ ಕಾಗದ ನಿನ್ನ ಕೈ ಸೇರುವುದೇ ಸೋಮವಾರ. ಭಾನುವಾರ ಅವನಿಗೆ ಏನು ಹೇಳಲಿ?