ಕಾಫಿ ಕಣಕ್ಕೆ ಹಸಿರು ಬಣ್ಣ ಬಳಿದವರಿಗೆ

ಮಾನ್ಯ ಯೋಜನಾಧಿಕಾರಿಗಳೇ,

ಆನೇಮಹಲಿನ ನಮ್ಮ ಕಾಫಿ ಕಣವನ್ನು ನಿಮ್ಮ ನಕ್ಷೆಯಲ್ಲಿ ಸಾರ್ವಜನಿಕ ಆಟದ ಮೈದಾನವೆಂದು ತೋರಿಸಿದ್ದೀರಿ. ಅದು ಮೈದಾನವಲ್ಲ, ಕಣ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಯ ಒಂದೊಂದು ಮೇಜಿನ ಮುಂದೆಯೂ ನಿಂತು ಬಾಯಲ್ಲಿ ಹೇಳಿದೆ. ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ, ಬರೆದುಕೊಡಿ ಎಂದರು. ಬರೆದುಕೊಟ್ಟೆ. ಬರೆದದ್ದು ತಡವಾಯಿತು ಎಂದರು. ಆದ್ದರಿಂದ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ತರಗತಿ. ಸಂಜೆ ನಾಲ್ಕು ಸಾಲು ದಿನಚರಿ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆಯ ಅಭ್ಯಾಸವಿಲ್ಲ.

ನಮ್ಮ ಗುಡ್ಡದ ಕಡೆ ಮಟ್ಟಸವಾದ ನೆಲ ತಾನಾಗಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ನಮ್ಮ ಯಜಮಾನರು, ದಿವಂಗತ ಅಣ್ಣಯ್ಯನವರು, ಮನೆಯ ಪಕ್ಕದ ದಿಣ್ಣೆ ಕಡಿದು, ಮಟ್ಟ ಮಾಡಿ, ಸಿಮೆಂಟ್ ಹಾಕಿಸಿದರು. ಡಿಸೆಂಬರಿನಿಂದ ಮಾರ್ಚಿನವರೆಗೆ ಅದರ ಮೇಲೆ ನಮ್ಮ ಎರಡು ಎಕರೆಯ ಕಾಫಿ ಹಣ್ಣು ಒಣಗುತ್ತದೆ. ಉಳಿದ ಕಾಲ ಖಾಲಿ. ಖಾಲಿ ಬಿದ್ದ ನೆಲ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎರಡು ಕಬ್ಬಿಣದ ಪೈಪು ನಿಲ್ಲಿಸಿ ವಾಲಿಬಾಲ್ ನೆಟ್ ಕಟ್ಟಿದರು. ಗ್ಯಾರೇಜಿನವರು, ಲಾರಿ ಓಡಿಸುವವರು, ಪಕ್ಕದ ಎಸ್ಟೇಟಿನ ಕೂಲಿ ಲೈನುಗಳಲ್ಲಿರುವವರು ಸಂಜೆ ಬಂದು ಆಡುತ್ತಿದ್ದರು.

ಬಾಡಿಗೆ ಇರಲಿಲ್ಲವೆಂದಲ್ಲ. ಮಳೆಗಾಲದಲ್ಲಿ ಕಣಕ್ಕೆ ಪಾಚಿ ಕಟ್ಟುತ್ತದೆ. ಕೊಯ್ಲು ಶುರುವಾಗುವ ಮುಂಚೆ ಆಡಿದವರೆಲ್ಲ ಕಡ್ಡಿ ಪೊರಕೆ ಹಿಡಿದು ಕಣ ತಿಕ್ಕಿ ತೊಳೆಯಬೇಕು, ನೆಟ್ ಸುತ್ತಿ ನಮ್ಮ ಅಟ್ಟಕ್ಕೆ ಹಾಕಬೇಕು. ಯಜಮಾನರು ಜಗುಲಿಯ ಮೇಲೆ ಕೂತು, "ನೆಗೆಯೋವಾಗ ಕಾಲು ಹಗುರ, ತಿಕ್ಕೋವಾಗ ಸೊಂಟ ಭಾರ, ಅಲ್ವೇನ್ರೋ?" ಎಂದು ಕೂಗುತ್ತಿದ್ದರು. "ಅಣ್ಣ, ನೀವು ಬಂದು ಒಂದೇ ಒಂದ್ ಸರ್ವೀಸ್ ಹೊಡೀರಿ, ಆಮೇಲ್ ಮಾತಾಡಿ!" ಎಂದು ತಿಕ್ಕುವವರು ತಿರುಗಿ ಕೂಗುತ್ತಿದ್ದರು.

ಎರಡು ವರ್ಷದ ಹಿಂದೆ ನಿಮ್ಮ ಸರ್ವೆಯವರು ಬಂದಿದ್ದು ಅಕ್ಟೋಬರಿನಲ್ಲಿ. ಆಗ ಕಾಫಿಯೆಲ್ಲ ಇನ್ನೂ ಗಿಡದಲ್ಲಿ ಕಾಯಿ. ಕಣದಲ್ಲಿ ನೆಟ್ ಇತ್ತು, ಸುಣ್ಣದ ಗೆರೆ ಇತ್ತು, ಚೆಂಡಿನ ಹಿಂದೆ ಓಡುವವರಿದ್ದರು. ಕಂಡದ್ದನ್ನು ಬರೆದುಕೊಂಡರು. ನಮ್ಮ ಜಗುಲಿಯಲ್ಲಿ ಕೂತು ಕಾಫಿಯನ್ನೂ ಕುಡಿದರು. ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿದರು. ಆ ಕಾಫಿ ಎಲ್ಲಿ ಒಣಗಿತು ಎಂದು ಮಾತ್ರ ಕೇಳಲಿಲ್ಲ.

ನಿಮ್ಮ ಬಣ್ಣಗಳ ಪಾಠ ನನಗೆ ಈಗ ಬಾಯಿಪಾಠವಾಗಿದೆ. ಹಳದಿ ಎಂದರೆ ಮನೆ ಕಟ್ಟುವ ಜಾಗ. ನೀಲಿ ಎಂದರೆ ಅಂಗಡಿ. ನೇರಳೆ ಎಂದರೆ ಕಾರ್ಖಾನೆ. ಹಸಿರು ಎಂದರೆ ಉದ್ಯಾನ, ಆಟದ ಮೈದಾನ. ವ್ಯವಸಾಯಕ್ಕೂ ಹಸಿರೇ, ಆದರೆ ಅದು ತಿಳಿ ಹಸಿರು. ಈ ಎರಡು ಹಸಿರುಗಳ ನಡುವೆ ನನ್ನ ಜೀವನ ಸಿಕ್ಕಿಕೊಂಡಿದೆ. ಕೆಳಗಿನ ಗದ್ದೆಬಯಲಿಗೆ ಹಳದಿ ಬಳಿದಿದ್ದೀರಿ. ಆಷಾಢದಲ್ಲಿ ಅಲ್ಲಿ ಮೊಣಕಾಲು ಮಟ್ಟ ನೀರು ನಿಲ್ಲುತ್ತದೆ. ಅಲ್ಲಿ ಮನೆ ಕಟ್ಟಬಹುದು, ಒಣ ದಿಣ್ಣೆಯ ಮೇಲೆ ಕಾಫಿ ಹರಡಬಾರದು. ಇದು ಯೋಜನೆಯೇ ಇರಬೇಕು. ಇಲ್ಲದಿದ್ದರೆ ಇಷ್ಟು ಅಚ್ಚುಕಟ್ಟಾಗಿ ತಪ್ಪಾಗುವುದು ಕಷ್ಟ.

ಈ ಮಳೆಗಾಲದಲ್ಲಿ ಹಲಸಿನ ಕೊಂಬೆ ಬಿದ್ದು ನಮ್ಮ ಸ್ಟೋರ್ ನೆಲಕಚ್ಚಿತು. ಒಣಗಿದ ಕಾಫಿ ಮೂಟೆ ಇಡಲು ಇದ್ದದ್ದು ಅದೊಂದೇ. ಕಣದ ಅಂಚಿನಲ್ಲಿ ಹೊಸದು ಕಟ್ಟಲು ಅನುಮತಿ ಕೇಳಿದೆ. "ಸದರಿ ಸ್ಥಳವು ಮೈದಾನಕ್ಕೆ ಕಾಯ್ದಿರಿಸಲ್ಪಟ್ಟಿರುವುದರಿಂದ" ಕೊಡಲಾಗದು ಎಂದು ಉತ್ತರ ಬಂತು. ಮುಂದೆ ಕಣವನ್ನೇ ವಶಕ್ಕೆ ತೆಗೆದುಕೊಳ್ಳಬಹುದಂತೆ. ಕಣ, ಸ್ಟೋರ್ ಎರಡೂ ಇಲ್ಲದವಳು ಏನು ಮಾಡಬೇಕು? ಕೊಯ್ದ ಸಂಜೆಯೇ ಹಸಿ ಹಣ್ಣನ್ನು ವ್ಯಾಪಾರಿಯ ಜೀಪಿಗೆ ಸುರಿದು, ಅವನು ಹೇಳಿದ ರೇಟಿಗೆ ತಲೆಯಾಡಿಸಬೇಕು.

ಕರಡು ನಕ್ಷೆ ನಿಮ್ಮ ಕಚೇರಿಯ ಗೋಡೆಯ ಮೇಲೆ ತೂಗುತ್ತಿದ್ದಾಗ ಆಕ್ಷೇಪಣೆ ಹೇಳಬೇಕಿತ್ತಂತೆ. ಈ ಆಷಾಢದಲ್ಲಿ ಅದು ತೂಗುತ್ತಿದ್ದಾಗಲೇ ನಮ್ಮ ಯಜಮಾನರು ಹೋದರು. ಗಂಡ ಸತ್ತ ಹೆಂಗಸು ನಮ್ಮಲ್ಲಿ ಅಷ್ಟು ಬೇಗ ಹೊಸಿಲು ದಾಟಿ ಕಚೇರಿಗೆ ಬರುವುದಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ನಿಮ್ಮ ಅವಧಿ ಮುಗಿದಿತ್ತು. ಇದನ್ನು ನಿಮ್ಮ ಗುಮಾಸ್ತರಿಗೆ ಹೇಳಿದಾಗ ಅವರು ಕಡತದಿಂದ ತಲೆ ಎತ್ತದೆ ಕೇಳಿದರು: "ಮನೇಲಿ ಗಂಡಸರು ಯಾರೂ ಇರ್ಲಿಲ್ವೇನಮ್ಮ?"

"ಇದ್ರು ಸ್ವಾಮಿ. ಅವ್ರೇ ಸತ್ತಿದ್ದು" ಎಂದೆ.

ಆಗ ನೀವು ನನ್ನನ್ನು ಒಳಗೆ ಕರೆಸಿದಿರಿ, ಕುರ್ಚಿ ಕೊಟ್ಟಿರಿ. ಅದನ್ನು ಮರೆತಿಲ್ಲ. ಒಂದು ದಾರಿಯನ್ನೂ ಹೇಳಿಕೊಟ್ಟಿರಿ. "ನೋಡಮ್ಮ, ಆ ಜನ ನಿಮ್ಮ ಒಪ್ಪಿಗೆ ಇಲ್ಲದೆ ನುಗ್ಗಿ ಆಡ್ತಿದ್ರು ಅಂತ ಬರ್ಕೊಡಿ. ಕಂಬ ಕಿತ್ತುಹಾಕಿ. ವಿಶೇಷ ಪ್ರಕರಣ ಅಂತ ನಾನು ಮೇಲಕ್ಕೆ ಕಳಿಸ್ತೀನಿ" ಎಂದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ನಾನು ಒಂದು ಸುಳ್ಳು ಬರೆದರೆ ನಿಮ್ಮ ನಕ್ಷೆಯ ತಪ್ಪು ಸರಿಹೋಗುತ್ತದೆ, ಅಷ್ಟೇ ತಾನೇ?

ಮನೆಗೆ ಬಂದು ಪಕ್ಕದ ಮನೆಯ ತಾಯಮ್ಮನಿಗೆ ಹೇಳಿದೆ. "ಬರ್ದುಬುಡು ಕಲ್ಯಾಣಿ, ಕಾಗ್ದ ತಾನೆ? ಸತ್ತೋರು ಎದ್ದು ಬಂದು ಓದ್ತಾರಾ?" ಎಂದಳು. ಗ್ಯಾರೇಜಿನ ಅಭಿಲಾಷ್ ಕಿವಿಗೂ ಬಿತ್ತು. ನೆಟ್ಟಿನ ಮುಂದೆ ಎಲ್ಲರಿಗಿಂತ ಮೇಲೆ ನೆಗೆಯುತ್ತಿದ್ದವನು ಅವನು. "ಬರ್ಕೊಟ್‌ಬುಡಿ ಅಕ್ಕ, ನಾವೇನ್ ಅನ್ಕಳಲ್ಲ. ಬೇಕಾರೆ ಕಂಬ ನಾನೇ ಕಿತ್ತಾಕ್ತೀನಿ. ನಿಮ್ ಕಾಫಿ ಒಣಗ್ಲಿ ಸಾಕು" ಎಂದ.

ನಾನು ಬರೆಯಲು ಕೂತೆ. 'ನುಗ್ಗಿ' ಎಂಬಲ್ಲಿಗೆ ಬಂದು ಕೈ ನಿಂತಿತು. ಅವರು ನುಗ್ಗಲಿಲ್ಲ ಸ್ವಾಮಿ. ಯಜಮಾನರು ರಸ್ತೆಯಲ್ಲಿ ನಿಂತು ಕರೆದು ಆಡಿಸಿದರು. ಇಪ್ಪತ್ತು ವರ್ಷ ಅವರ ಜೊತೆ ಬದುಕಿ, ಅವರು ಕರೆದವರನ್ನು ಕಳ್ಳರೆಂದು ಬರೆದುಕೊಟ್ಟರೆ, ಆ ಕಣದ ಮೇಲೆ ನಾನು ಯಾವ ಮುಖ ಹೊತ್ತು ಕಾಫಿ ಹರಡಲಿ?

ಆದ್ದರಿಂದ ಬರೆದುಕೊಡುವುದಿಲ್ಲ. ಕಂಬ ಕೀಳುವುದಿಲ್ಲ. ಬದಲಿಗೆ ಕೇಳುತ್ತಿದ್ದೇನೆ: ಜನವರಿಯಲ್ಲಿ ಒಂದು ಬಿಸಿಲ ದಿನ ನೀವೇ ಬನ್ನಿ. ಹಣ್ಣು ತುಳಿಯದಂತೆ ಅಂಚಿನಲ್ಲಿ ನಿಂತು ನೋಡಿ. ನಕ್ಷೆ ತಿದ್ದಿ, ನಮ್ಮ ಕಣವನ್ನು ವ್ಯವಸಾಯಕ್ಕೆ ಸೇರಿಸಿ, ಸ್ಟೋರಿಗೆ ಅನುಮತಿ ಕೊಡಿ. ಇನ್ನು ಮುಂದೆ ಈ ಗುಡ್ಡಗಳಿಗೆ ಬಣ್ಣ ಬಳಿಯುವ ಮುಂಚೆ ನಿಮ್ಮ ಸರ್ವೆಯವರನ್ನು ಮಳೆಯಲ್ಲೊಮ್ಮೆ, ಬಿಸಿಲಲ್ಲೊಮ್ಮೆ ಕಳಿಸಿ. ನಮ್ಮಲ್ಲಿ ಒಂದೇ ನೆಲ ಕಾಲಕ್ಕೊಂದು ಕೆಲಸ ಮಾಡುತ್ತದೆ. ನಿಮ್ಮ ಡಬ್ಬಿಯಲ್ಲಿ ಅದಕ್ಕೆ ಬಣ್ಣವಿಲ್ಲದಿದ್ದರೆ ಅದು ನೆಲದ ತಪ್ಪಲ್ಲ.

ಇನ್ನೊಂದು ಮಾತು. ಯಜಮಾನರು ಹೋದ ಮೇಲೆ ನಮ್ಮ ಕಣದಲ್ಲಿ ಯಾರೂ ಚೆಂಡು ಮುಟ್ಟಿರಲಿಲ್ಲ. ಆದರೂ ಕಳೆದ ಭಾನುವಾರ ಎಲ್ಲರೂ ಪೊರಕೆ ಹಿಡಿದು ಬಂದರು. ಮಾತಿಲ್ಲದೆ ತಿಕ್ಕಿದರು. ಆಗಾಗ ಒಬ್ಬೊಬ್ಬರು ಜಗುಲಿಯ ಕಡೆ ನೋಡಿ ತಲೆ ತಗ್ಗಿಸುತ್ತಿದ್ದರು. ಕೊನೆಗೆ ತಡೆಯಲಾರದೆ ನಾನೇ ಕೂಗಿದೆ: "ಏನ್ರೋ, ಸೊಂಟ ಭಾರ ಆಯ್ತಾ?"

ತಿಕ್ಕುತ್ತಿದ್ದ ಅಭಿಲಾಷ್ ತಲೆ ಎತ್ತದೆಯೇ, "ನೀವೊಂದ್ ಸರ್ವೀಸ್ ಹೊಡೀರಿ ಅಕ್ಕ, ಆಮೇಲ್ ಮಾತಾಡಿ" ಎಂದ.

ನೆಟ್ ಈಗ ಅಟ್ಟದಲ್ಲಿದೆ. ಕಾಫಿ ಎತ್ತಿದ ಮೇಲೆ ಮತ್ತೆ ಕಟ್ಟುತ್ತಾರೆ. ಒಪ್ಪಿಗೆ ನನ್ನದು. ಬೇಕಾದರೆ ಇದನ್ನು ನಿಮ್ಮ ಕಡತಕ್ಕೆ ಸೇರಿಸಿಕೊಳ್ಳಿ.

ಇಂತಿ,
ನಿಮ್ಮ ಮೈದಾನದಲ್ಲಿ ನನ್ನ ಕಾಫಿ ಒಣಗಿಸುತ್ತಿರುವ
ಕಲ್ಯಾಣಮ್ಮ
ಆನೇಮಹಲ್, ಡಿಸೆಂಬರ್ ೨೦೦೪