ಆ ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿ, ಸ್ವಾಮಿ

ಮಾನ್ಯ ರಸ್ತೆ ಇಲಾಖೆಯ ಮುಖ್ಯ ಎಂಜಿನಿಯರ್ ಅವರೇ,

ಬಟ್ಟೆ ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯ ಎದುರು, ಚರಂಡಿಯ ಮೇಲೆ ತಾವು ಹಾಸಿರುವ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆ ಸಾಗುವ ದಿಕ್ಕಿಗೇ ಉದ್ದಕ್ಕೆ ಮಲಗಿವೆ. ಎರಡು ಸರಳುಗಳ ನಡುವೆ ಸೈಕಲ್ಲಿನ ಚಕ್ರ ಸಲೀಸಾಗಿ ಇಳಿಯುತ್ತದೆ. ನಾಲ್ಕು ವರ್ಷದ ಹಿಂದೆ, ಬಸ್ಸಿಗೆ ದಾರಿ ಬಿಡಲು ಅಂಚಿಗೆ ಸರಿದಾಗ, ನನ್ನ ಚಕ್ರವೂ ಇಳಿಯಿತು. ಸೈಕಲ್ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ತಲೆಯ ಎಡಭಾಗ ಕಲ್ಲಂಚಿಗೆ ಬಡಿದು ಎಡಗಿವಿ ಪೂರ್ತಿ ಹೋಯಿತು. ಅಂದಿನಿಂದ ನಾನು ಕೇಳುತ್ತಿರುವುದು ಒಂದೇ: ಆ ಜಾಲರಿಯನ್ನು ಎತ್ತಿ ಅಡ್ಡಕ್ಕೆ ಕೂರಿಸಿ. ಅದು ಚೌಕಾಕಾರದ್ದು, ಹೇಗೆ ತಿರುಗಿಸಿದರೂ ಅದೇ ಜಾಗದಲ್ಲಿ ಕೂರುತ್ತದೆ.

ಇಲಾಖೆ ಕೈಕಟ್ಟಿ ಕೂತಿತ್ತು ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಅರ್ಜಿಯ ಮೇಲೆ ಅರ್ಜಿ ಹಾಕಿದ ಮೇಲೆ ಒಂದು ತಂಡವೇ ಬಂತು. ಜಾಲರಿಯನ್ನು ಎತ್ತಿದರು, ಉಜ್ಜಿದರು, ಹೊಳೆಯುವ ಹಳದಿ ಬಣ್ಣ ಬಳಿದು ಒಣಗಿಸಿದರು, ಮತ್ತೆ ಮೊದಲಿನಂತೆಯೇ ಉದ್ದಕ್ಕೆ ಇಟ್ಟರು. ನಾನು ಅಲ್ಲೇ ನಿಂತಿದ್ದೆ. "ಅಣ್ಣಾ, ಹೇಗೂ ಎತ್ತಿದ್ದೀರಲ್ಲ, ಸ್ವಲ್ಪ ತಿರುಗಿಸಿ ಇಟ್ಬಿಡಿ" ಎಂದು ಅಂಗಲಾಚಿದೆ. ಮೇಸ್ತ್ರಿ ತಲೆ ಕೆರೆದುಕೊಂಡ. "ಆರ್ಡರ್‌ನಲ್ಲಿ ಬಣ್ಣ ಅಂತ ಇದೆ ಸಾರ್, ತಿರುಗ್ಸೋದು ಅಂತ ಇಲ್ಲ. ನಾಳೆ ನನ್ನ ತಲೆ ಮೇಲೆ ಬರುತ್ತೆ" ಎಂದ. ಅವನನ್ನು ನಾನು ದೂರುವುದಿಲ್ಲ. ಆದರೆ ಆ ಆರ್ಡರ್ ಬರೆದ ಪುಣ್ಯಾತ್ಮರು ಯಾರು? ಇನ್ನು ಮುಂದೆ ಬೀಳುವವರು ಕಣ್ಣಾರೆ ನೋಡಿಕೊಂಡೇ ಬೀಳಲಿ ಎಂಬ ದೂರದೃಷ್ಟಿಯೇ?

ತಮ್ಮ ಕಚೇರಿಗೂ ಬಂದಿದ್ದೆ. ತಮ್ಮ ಕೈಕೆಳಗಿನವರೊಬ್ಬರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ನಿಮಗೇನೂ ಆದ ಹಾಗೆ ಕಾಣ್ಸಲ್ವಲ್ಲ ರೀ? ಇನ್ನೊಂದು ಕಿವಿ ಇದೆಯಲ್ಲ!" ಎಂದರು. ಇದೆ, ಸ್ವಾಮಿ. ಆದರೆ ಒಂದೇ ಕಿವಿ ಇದ್ದವನಿಗೆ ಸದ್ದು ಕೇಳಿಸುತ್ತದೆಯೇ ಹೊರತು ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ನಾನು ಕಾರ್ಖಾನೆಯ ಹೊಲಿಗೆ ಯಂತ್ರಗಳ ಮೆಕ್ಯಾನಿಕ್ ಆಗಿದ್ದವನು. ಬಾಗಿಲಲ್ಲಿ ನಿಂತು, ಅಷ್ಟು ಗದ್ದಲದಲ್ಲೂ, ಕೆಟ್ಟಿರುವ ಯಂತ್ರ ಯಾವ ಸಾಲಿನದೆಂದು ಬೆರಳು ಮಾಡಿ ತೋರಿಸುತ್ತಿದ್ದೆ. ಹೊಲಿಯುವ ಹೆಂಗಸರು ನನಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಈಗ ಉಗ್ರಾಣದಲ್ಲಿ ಬಟನ್ ತೂಗಿ ಕೊಡುತ್ತೇನೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಮನೆಯಲ್ಲಿ ಹೆಂಡತಿ "ರೀ" ಎಂದರೆ ಅಡುಗೆಮನೆ ಬಿಟ್ಟು ಬಚ್ಚಲ ಕಡೆಗೆ ನೋಡುತ್ತೇನೆ. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಈಗ ಅವಳು "ರೀ, ಅಡುಗೆಮನೇಲಿದ್ದೀನಿ" ಎಂದು ವಿಳಾಸ ಸೇರಿಸಿಯೇ ಕರೆಯುತ್ತಾಳೆ. ಅದಕ್ಕೂ ಒಗ್ಗಿಕೊಂಡೆ. ಒಗ್ಗದೇ ಉಳಿದಿರುವುದು ಇದು. ಹೋದ ವರ್ಷ ತರಕಾರಿ ಮಾರುಕಟ್ಟೆಯ ಜನಜಂಗುಳಿಯಲ್ಲಿ ಮಗಳ ಕೈ ತಪ್ಪಿತು. "ಅಪ್ಪಾ!" ಎಂದು ಕೂಗಿದಳು. ನನಗೆ ಚೆನ್ನಾಗಿಯೇ ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಓಡಿದ್ದು ಅವಳಿಗೆ ಬೆನ್ನು ಹಾಕಿ. ಈರುಳ್ಳಿ ಮಾರುವಾಕೆ ಅವಳನ್ನು ಕರೆತಂದು ಒಪ್ಪಿಸಿದಾಗ ಮಗು ಬಿಕ್ಕುತ್ತಲೇ ಕೇಳಿತು:

"ನಾನು ಕೂಗಿದ್ದು ಕೇಳಿಸ್ತಾ ಅಪ್ಪ?"

"ಕೇಳಿಸ್ತು ಪುಟ್ಟಿ."

"ಮತ್ತೆ ಯಾಕೆ ಆ ಕಡೆ ಓಡಿಹೋದೆ?"

ಕಿವಿಯ ವಿಚಾರ ಬಿಡಿಸಿ ಹೇಳಿದೆ, ಅವಳು ಹೂಂಗುಟ್ಟಿದಳು. ಆದರೆ ಅಂದಿನಿಂದ ಅವಳು ನನ್ನನ್ನು ಕೂಗುವುದಿಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ತೋಳು ಮುಟ್ಟುತ್ತಾಳೆ. ಮಗಳು ಅಪ್ಪನನ್ನು ಕೂಗಿ ಕರೆಯದ ಮನೆ ಹೇಗೆ ಬಿಕೋ ಎನ್ನುತ್ತದೆಂದು ತಮಗೆ ಹೇಗೆ ಹೇಳಲಿ? ನನಗೆ ತುಂಬಾ ದುಃಖವಾಗುತ್ತದೆ, ಅಷ್ಟೇ.

ಮುಂದಿನ ತಿಂಗಳು ಅವಳು ದೊಡ್ಡ ಶಾಲೆಗೆ ಸೇರುತ್ತಾಳೆ. ಶಾಲೆ ಇರುವುದು ಕಾರ್ಖಾನೆಯ ಆಚೆ, ಇರುವುದು ಅದೊಂದೇ ರಸ್ತೆ. ಗೆಳತಿಯರೆಲ್ಲ ಸೈಕಲ್ಲಿನಲ್ಲಿ ಹೋಗುತ್ತಾರೆಂದು ಇವಳೂ ಹಟ ಹಿಡಿದು ಕಲಿತಿದ್ದಾಳೆ. ನನ್ನ ಭಯವನ್ನು ಅವಳ ಕಾಲಿಗೆ ಕಟ್ಟಲು ಮನಸ್ಸು ಬರಲಿಲ್ಲ. ಜಾಲರಿ ಬಿಟ್ಟು ಓಡಿಸು ಎಂದು ಹೇಳಿದ್ದೇನೆ. ಹಿಂದಿನಿಂದ ಬಸ್ಸು ಹಾರನ್ ಹೊಡೆದಾಗ ಮಗು ಅದನ್ನು ನೆನಪಿಟ್ಟುಕೊಳ್ಳುತ್ತದೆಯೇ?

ಆದ್ದರಿಂದ, ಮಾನ್ಯರೇ, ಪರಿಹಾರ ಬೇಡ, ವಿಷಾದವೂ ಬೇಡ. ಶಾಲೆ ಶುರುವಾಗುವ ಮುನ್ನ ಇಬ್ಬರನ್ನು ಕಳಿಸಿ, ಆರ್ಡರ್‌ನಲ್ಲಿ ತಿರುಗಿಸುವುದು ಎಂದು ಮರೆಯದೆ ಬರೆಸಿ. ಆ ಜಾಲರಿಯಲ್ಲಿ ಬಿದ್ದರೆ ಅವಳು ಎಲ್ಲ ಮರೆತು "ಅಪ್ಪಾ" ಎಂದು ಕೂಗಿಯೇ ಕೂಗುತ್ತಾಳೆ. ಉಗ್ರಾಣದಲ್ಲಿರುವ ನನಗೆ ಅದು ಕೇಳಿಸಿಯೇ ಕೇಳಿಸುತ್ತದೆ. ಗೇಟಿನಾಚೆ ಬಂದು ನಿಂತು, ನಾನು ಯಾವ ಕಡೆಗೆ ಓಡಲಿ?

ಇಂತಿ,
ತಮ್ಮ ಉತ್ತರಕ್ಕಾಗಿ ಉಳಿದ ಒಂದು ಕಿವಿಯನ್ನು ತೆರೆದಿಟ್ಟುಕೊಂಡಿರುವ
ಒಬ್ಬ ತಂದೆ