ಸೋಫಾದೊಳಗಿನ ಮರಿ

ಮಾರ್ಚ್ ೧೧, ಮಂಗಳವಾರ

ಮುನಿಸಿಕೊಂಡು ಹೋದವಳಿಗೆ,

ಅಲ್ಲಿ ನೀನು ಚೆನ್ನಾಗಿದ್ದೀಯ ಅಂದುಕೊಂಡೇ ಬರೆಯುತ್ತಿದ್ದೇನೆ. ತಡವಾಯಿತು, ಬೈದುಕೋ. ಫೋನು ಮಾಡಿದರೆ ನಿನ್ನಣ್ಣ ಎತ್ತಿ "ಅವಳು ಮಲಗಿದ್ದಾಳೆ" ಅನ್ನುತ್ತಾನೆ. ಮಟಮಟ ಮಧ್ಯಾಹ್ನವೂ ಅದೇ ಮಾತು! ಅದಕ್ಕೇ ಈ ಕಾಗದ.

ಹಿತ್ತಲಲ್ಲಿ ಬಿದ್ದಿದ್ದ ಹಸಿರು ಸೋಫಾ, "ಯಾವತ್ತು ರಿಪೇರಿ ಮಾಡ್ತೀರಿ ಅದನ್ನ?" ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದೆಯಲ್ಲ, ನಿನ್ನೆ ಕೊನೆಗೂ ಅದಕ್ಕೆ ಕೈ ಹಚ್ಚಿದೆ. ನನ್ನ ಸೋಫಾ ರಿಪೇರಿ ಅಂಗಡಿಯೊಳಕ್ಕೆ ಎಳೆದು, ಮಗುಚಿ, ಅಡಿಬಟ್ಟೆ ಕತ್ತರಿಸಿ ಊಟಕ್ಕೆ ಹೋದೆ. ಒಳಗೆ ನಾರಿನಲ್ಲಿ ಕಟ್ಟಿದ್ದ ಗೂಡಿನ ಜೊತೆ ಅಳಿಲುಮರಿಯೊಂದು ನೆಲಕ್ಕೆ ಬಿದ್ದದ್ದು ನನಗೆ ಕಾಣಲೇ ಇಲ್ಲ. ಸ್ಕೂಲಿಂದ ಬಂದ ನಮ್ಮ ಚಿನಕುರಳಿಯೇ ಅದನ್ನು ನೋಡಿದ್ದು.

"ಅಪ್ಪಾ, ಇನ್ನೂ ಕಣ್ಣೇ ಬಿಟ್ಟಿಲ್ಲ! ಐಸ್ ಥರ ತಣ್ಣಗಿದೆ!"

ಹಾಲು ಕಾಯಲಿಟ್ಟು ಪ್ರಾಣಿ ಡಾಕ್ಟರಮ್ಮನಿಗೆ ಫೋನು ಮಾಡಿದೆ.

"ರೀ, ಹಾಲು ಗೀಲು ಹಾಕ್ಬೇಡಿ! ತಣ್ಣಗಿರೋ ಮರಿಗೆ ಕುಡಿಸಿದ್ರೆ ಸತ್ತೇ ಹೋಗುತ್ತೆ. ರಕ್ತ ಬರ್ತಿದ್ಯಾ? ಬೆಕ್ಕು ಬಾಯಿ ಹಾಕಿದ್ಯಾ? ಉಸಿರಿಗೆ ಒದ್ದಾಡ್ತಿದ್ಯಾ? ಒಂದಿದ್ರೂ ಈಗ್ಲೇ ಎತ್ಕೊಂಡು ಬನ್ನಿ. ಇಲ್ಲಾಂದ್ರೆ ಮೊದಲು ಬೆಚ್ಚಗೆ ಮಾಡಿ. ಬಿಸಿ ಏರ್ಲಿಲ್ವಾ, ಆಗ್ಲೂ ಬನ್ನಿ."

ಅವೊಂದೂ ಇರಲಿಲ್ಲ. ಬಿಸಿನೀರಿನ ಬಾಟಲಿಗೆ ನಿನ್ನ ಶಾಲು ಸುತ್ತಿ ಮರಿಯನ್ನು ಅದರ ಪಕ್ಕ ಇಟ್ಟೆವು. ನಾನು ಸ್ಕೂಟರ್ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ. ಕೊನೆಗೆ ಅದು ಬಾಲ ಅಲ್ಲಾಡಿಸಿತು, ಮೈ ಬೆಚ್ಚಗಾಯಿತು.

ಮತ್ತೆ ಫೋನು ಮಾಡಿದೆ. "ಗೂಡಿನ ಸಮೇತ ಹಿತ್ತಲಲ್ಲಿಟ್ಟು ಒಳಗೆ ಹೋಗಿ. ನೀವು ಹತ್ತಿರ ಇದ್ರೆ ತಾಯಿ ಬರಲ್ಲ" ಅಂದರು.

"ಬರದೇ ಇದ್ರೆ?" ಮಗಳು ಫೋನಿಗೇ ಬಾಯಿಟ್ಟು ಕೇಳಿದಳು.

"ಕತ್ತಲಾಗೋದ್ರೊಳಗೆ ಬರ್ಲಿಲ್ಲಾಂದ್ರೆ ನನ್ನ ಹತ್ರ ತನ್ನಿ ಪುಟ್ಟಾ."

ಹಾಗೇ ಇಟ್ಟು ಬಂದು ಅಡುಗೆಮನೆ ಕಿಟಕಿಯ ಹಿಂದೆ ನಿಂತೆವು. ತಾಯಿ ಗೋಡೆ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು. ಅಷ್ಟರಲ್ಲಿ ಪಕ್ಕದ ಮನೆಯ ಹಾಳು ಬೆಕ್ಕು! ಅಳತೆಕೋಲು ಹಿಡಿದು ಹೊರಗೆ ನುಗ್ಗಿದೆ. ಬೆಕ್ಕೂ ಓಡಿತು, ತಾಯಿಯೂ ಓಡಿತು.

"ಯಾಕಪ್ಪಾ ಹೋದೆ? ಓಡಿಸ್ಬಿಟ್ಟೆಯಲ್ಲ!" ಎಂದು ಮಗಳು ಬಿಕ್ಕಿಬಿಕ್ಕಿ ಅತ್ತಳು. ಬೆಳಕು ಇಳಿಯುತ್ತಿತ್ತು. ಮರಿಯನ್ನು ಎತ್ತಿಕೊಂಡು ಹೊರಡಬೇಕು ಅನ್ನುವಾಗ ತಾಯಿ ಬಂತು ಕಣೇ! ಮೂಸಿ, ಬಾಯಲ್ಲಿ ಕಚ್ಚಿಕೊಂಡು ಗೋಡೆ ಹತ್ತಿ ಹೋಯಿತು. ನಾನು ಕುಣಿದಾಡಿಬಿಟ್ಟೆ. ಮಗಳು ಮಾತ್ರ ಏನೋ ಯೋಚಿಸುತ್ತಾ ನಿಂತೇ ಇದ್ದಳು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನಣ್ಣನಿಗೂ ಒಳ್ಳೆಯದಾಗಲಿ, ಇನ್ನೇನು ಹೇಳಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಮೂಗಿನ ತುದಿಯಲ್ಲೇ ಕೋಪವಿರುವ ನಿನ್ನವನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇವತ್ತು ಸ್ಕೂಲಿಂದ ಬಂದವಳೇ ಚೀಲಕ್ಕೆ ಬಟ್ಟೆ ತುರುಕಿಕೊಂಡು ಪಕ್ಕದ ಮನೆಯ ಅಜ್ಜಿ ಹತ್ತಿರ ಹೋಗಿ ಕೂತಿದ್ದಾಳೆ. ಕರೆದರೆ ಬಾಗಿಲ ಸಂದಿಯಿಂದಲೇ ಹೇಳುತ್ತಾಳೆ: "ನೀನೂ ಎಲ್ಲಾದ್ರೂ ಹೋಗಪ್ಪಾ. ನಾವಿಬ್ರೂ ಮನೇಲೇ ಇದ್ರೆ ಅಮ್ಮ ಹೇಗೆ ಬರ್ತಾಳೆ?"